ಮೂರು ಕೊಕ್ಕರೆಗಳ ಡೊಲೊರೆಸ್

ಯಾರ ಮನೆಗೆ ಹೋದರೂ ಡೊಲೊರೆಸ್ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದು ಮೊದಲು ಯಾರದ್ದಾಗಿತ್ತು?"

ನಾವು ಬಹರೈನಿನ ಹೂರಾದ ಫ್ಲಾಟು ಬಿಟ್ಟು ಬುದಯ್ಯದ ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನ, ರಟ್ಟಿನ ಪೆಟ್ಟಿಗೆಗಳ ನಡುವೆ ನಾನು ಸುಸ್ತಾಗಿ ಕುಳಿತಿದ್ದಾಗ, ಪಕ್ಕದ ಮನೆಯಿಂದ ಒಬ್ಬ ಹೆಂಗಸು ಬೇಯಿಸಿದ ಕಾಳಿನ ಪಾತ್ರೆ ಹಿಡಿದು ಬಂದರು. ಅರವತ್ತು ದಾಟಿದ ವಯಸ್ಸು. ಬಿಳಿ ಜಡೆ ಸೊಂಟದವರೆಗೆ. ಪ್ಯಾಂಟಿಗೆ ಗಂಡಸರ ಬೆಲ್ಟು, ಅದರ ಬಕಲ್ಲು ನನ್ನ ಅಂಗೈಯಷ್ಟು ಅಗಲ. ನನ್ನ ಹೆಸರನ್ನು ಕೇಳಲಿಲ್ಲ, ಯಾವ ದೇಶ ಎಂದು ಕೇಳಲಿಲ್ಲ. ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ ಆ ಪ್ರಶ್ನೆ ಕೇಳಿದರು.

"ಯಾರೋ ಪಾಕಿಸ್ತಾನದ ಫ್ಯಾಮಿಲಿ ಇತ್ತಂತೆ" ಎಂದೆ.

"ಅವರಿಗಿಂತ ಮೊದಲು?"

"ಗೊತ್ತಿಲ್ಲ."

"ಈ ಮನೆ ಕಟ್ಟುವ ಮೊದಲು?"

ನಾನು ಪಾತ್ರೆ ತೆಗೆದುಕೊಂಡು ಒಳಗೆ ಹೋದೆ. ಈ ಹೆಂಗಸಿನ ಪಕ್ಕದಲ್ಲಿ ಹೇಗಪ್ಪ ದಿನ ಕಳೆಯುವುದು ಎಂದು ಆಗಲೇ ಎನಿಸಿತ್ತು.

ಆಮೇಲೆ ನೋಡಿದರೆ ಈ ಪ್ರಶ್ನೆ ಕೇಳದೆ ಅವರು ಟ್ಯಾಕ್ಸಿಯವರನ್ನೂ, ಇಗರ್ಜಿಯ ಪಾದ್ರಿಯನ್ನೂ, ಮೀನು ಮಾರುವವನನ್ನೂ ಬಿಟ್ಟಿರಲಿಲ್ಲ. ನಮ್ಮಿಬ್ಬರ ಮನೆಯ ಮಾಲೀಕರಾದ ಹಾಜಿ ಮಾತ್ರ ಈ ಪ್ರಶ್ನೆಗೆ ಉಬ್ಬಿಹೋಗಿದ್ದರು. ಈ ಎರಡು ಮನೆ ನಿಂತ ಜಾಗ ಅವರ ಅಜ್ಜನ ಖರ್ಜೂರದ ತೋಟವಂತೆ, ಮಧ್ಯದಲ್ಲಿ ಸಿಹಿನೀರಿನ ಬುಗ್ಗೆ ಇತ್ತಂತೆ, ಹೆಂಗಸರು ಬಟ್ಟೆ ಒಗೆಯುತ್ತಿದ್ದರಂತೆ. ಆರು ವರ್ಷ ಆ ಮನುಷ್ಯನಿಗೆ ಬಾಡಿಗೆ ಕೊಟ್ಟ ನಮಗೆ ಅವರು ಸಲಾಂ ಬಿಟ್ಟು ಬೇರೆ ಮಾತು ಆಡಿದ್ದು ಕಡಿಮೆ. ಡೊಲೊರೆಸ್ ಬಂದರೆ ಮಾತ್ರ ಅರಬ್ಬಿ ಕಾಫಿ ಕಾವಾ ಬರುತ್ತಿತ್ತು, ಖರ್ಜೂರ ಬರುತ್ತಿತ್ತು, ಬತ್ತಿಹೋದ ಬುಗ್ಗೆಯ ಜಾಗ ತೋರಿಸಲು ಹಾಜಿಯವರು ಕೋಲು ಊರಿಕೊಂಡು ತಾವೇ ಮುಂದೆ ನಡೆಯುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಡೊಲೊರೆಸ್ ಬರೇಲಾ ಕ್ಯಾಲಿಫೋರ್ನಿಯಾದವರು. ಗಂಡ ಅಮೆರಿಕನ್ ನೌಕಾನೆಲೆಯಲ್ಲಿ ಏನೋ ಕೆಲಸದಲ್ಲಿದ್ದು ಇಲ್ಲಿಯೇ ತೀರಿಕೊಂಡಿದ್ದ. ಮಗ ಟೆಕ್ಸಾಸಿನಲ್ಲಿದ್ದ. ಇವರು ಒಂದು ಶಾಲೆಯಲ್ಲಿ ಚರಿತ್ರೆ ಕಲಿಸಿಕೊಂಡು ಬಹರೈನಿನಲ್ಲೇ ಉಳಿದಿದ್ದರು. ನಮ್ಮ ದೊಡ್ಡಮ್ಮನ ಹೆಸರೂ ಡೊಲೊರೆಸ್ಸೇ. ನಮ್ಮೂರು ಕಿನ್ನಿಗೋಳಿಯಲ್ಲಿ ಆ ಹೆಸರು ಸವೆದು ಸವೆದು ದುಲ್ಲಿ ಆಗಿತ್ತು. ಕೋಳಿ ಸಾಕಿಕೊಂಡು, ಸೊಂಟನೋವು ಹೇಳಿಕೊಂಡು ಇದ್ದ ದುಲ್ಲಿ ದೊಡ್ಡಮ್ಮನ ಹೆಸರೇ ಈ ಹೆಂಗಸಿನ ಮೇಲೆ ಪಲ್ಲಕ್ಕಿಯಲ್ಲಿ ಕೂತ ಹಾಗೆ ಕಾಣುತ್ತಿತ್ತು. ನನ್ನ ಹೆಸರು ಐರಿನ್. ಅದನ್ನು ಅವರು 'ಇರೇನೆ' ಎನ್ನುತ್ತಿದ್ದರು. ಸ್ಪ್ಯಾನಿಷಿನಲ್ಲಿ ಹಾಗೆಯಂತೆ. ನನ್ನದೇ ಹೆಸರು ಅವರ ಬಾಯಲ್ಲಿ ನನ್ನ ಬಾಯಿಗಿಂತ ಚೆನ್ನಾಗಿ ಕೇಳುತ್ತಿತ್ತು. ಅದಕ್ಕೂ ಹೊಟ್ಟೆ ಉರಿಯಿತು ಎಂದರೆ ಜನ ನಗಬಹುದು. ಉರಿದದ್ದು ನಿಜ.

ಅವರ ಮಾತೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದು ಜಾಗಕ್ಕೆ. ಅದರ ಹೆಸರು ರಾಂಚೋ ತ್ರೆಸ್ ಗರ್ಸಾಸ್. ರಾಂಚೋ ಎಂದರೆ ದನ ಬಿಡುವ ಜಮೀನು, ಉಳಿದದ್ದಕ್ಕೆ ಮೂರು ಕೊಕ್ಕರೆ ಎಂದು ಅರ್ಥ. ಕ್ಯಾಲಿಫೋರ್ನಿಯಾವನ್ನು ಮೆಕ್ಸಿಕೋ ಆಳುತ್ತಿದ್ದ ಕಾಲದಲ್ಲಿ ಇವರ ಹಿರಿಯ, ಹಿಲಾರಿಯೊ ಎಂಬ ಸಿಪಾಯಿ, ಸಂಬಳ ಸರಿಯಾಗಿ ಸಿಗದೆ ಬೇಸತ್ತು ಗವರ್ನರನ ಮುಂದೆ ಹೋಗಿ ಭೂಮಿ ಕೇಳಿದನಂತೆ. ಗವರ್ನರ ಒಂದು ಹೊಳೆಯಿಂದ ಒಂದು ಗುಡ್ಡದವರೆಗೆ, ಗುಡ್ಡದಿಂದ ಒಂದು ದೊಡ್ಡ ಓಕ್ ಮರದವರೆಗೆ ಕೊಟ್ಟನಂತೆ. ಒಂದು ವರ್ಷದೊಳಗೆ ಮನೆ ಕಟ್ಟಿ ದನ ಬಿಡಬೇಕು, ಇಲ್ಲದಿದ್ದರೆ ಭೂಮಿ ವಾಪಸ್. ಅಳತೆ ಹೇಗೆ? ಇಬ್ಬರು ಕುದುರೆ ಸವಾರರು, ನಡುವೆ ಚರ್ಮದ ಹಗ್ಗ. ಒಬ್ಬ ನಿಂತರೆ ಇನ್ನೊಬ್ಬ ಓಡಿಸಬೇಕು.

"ಹಗ್ಗ ಇಬ್ಬನಿಯಲ್ಲಿ ನೆನೆದು ಹಿಗ್ಗುತ್ತಿತ್ತು ಇರೇನೆ. ಬೆಳಿಗ್ಗೆ ಅಳೆದವನಿಗೆ ಹೆಚ್ಚು ಭೂಮಿ. ನನ್ನ ಹಿಲಾರಿಯೊ ಬೇಗ ಏಳುವವನು" ಎಂದು ಬೆಲ್ಟಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು ನಗುತ್ತಿದ್ದರು, ಹಗ್ಗ ಎಳೆದದ್ದು ತಾನೇ ಎಂಬಂತೆ.

ನನಗೆ ಇವೆಲ್ಲ ಕೇಳಿಸಿಕೊಂಡು ಮರೆಯುವ ಕತೆ. ನನ್ನ ಗಂಡ ರೋನಿಗೆ ಹಾಗಾಗಲಿಲ್ಲ. ರೋನಿ ಸರ್ವೆ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಸಮುದ್ರಕ್ಕೆ ಮಣ್ಣು ತುಂಬಿ ಮಾಡುವ ಹೊಸ ಬಡಾವಣೆಗಳ ನಕ್ಷೆ ಬರೆಯುವುದು ಅವರ ಕೆಲಸ. ಇನ್ನೂ ಮೀನು ಓಡಾಡುವ ಕಡೆ ಪ್ಲಾಟು, ರಸ್ತೆ, ಪಾರ್ಕು ಗೀಚಿ ಸಾಯಂಕಾಲ ಮನೆಗೆ ಬಂದರೆ ಊಟ, ಫೋನು, ನಿದ್ದೆ. ಮಕ್ಕಳಿಲ್ಲದ ಮನೆ ನಮ್ಮದು. ಇಬ್ಬರ ಮಾತು ಎಷ್ಟು ಬೇಕೋ ಅಷ್ಟು. ಅಂಥ ಮನುಷ್ಯನಿಗೆ ಒಂದು ಶುಕ್ರವಾರ ಡೊಲೊರೆಸ್ ತನ್ನ ರಾಂಚೋದ ಹಳೆಯ ನಕ್ಷೆಯ ಫೋಟೋ ತೋರಿಸಿದರು. ನಕ್ಷೆಯೆಂದರೆ ಮಕ್ಕಳು ಬರೆದ ಚಿತ್ರದ ಹಾಗಿತ್ತು: ಗುಡ್ಡಗಳು ಪಾವು ಬ್ರೆಡ್ಡಿನಂತೆ ಉಬ್ಬಿಕೊಂಡು, ಹೊಳೆ ದಪ್ಪ ಗೆರೆಯಾಗಿ, ಮರ ಒಂದು ಪೊರಕೆ.

"ಇದನ್ನು ಈಗಿನ ಮ್ಯಾಪಿನ ಮೇಲೆ ಕೂರಿಸಬಹುದು ಡೊಲೊರೆಸ್" ಎಂದರು ರೋನಿ.

ಅಷ್ಟೇ. ಅಲ್ಲಿಂದ ನಮ್ಮ ರಜೆಯ ಶುಕ್ರವಾರಗಳು ಮೂರು ಕೊಕ್ಕರೆಗಳ ಪಾಲಾದವು. ಬೆಳಿಗ್ಗೆ ಇಗರ್ಜಿಯಿಂದ ಬಂದು ಅಂಗಿ ಬದಲಾಯಿಸುವ ಮೊದಲೇ ಲ್ಯಾಪ್‌ಟಾಪು ತೆರೆಯುತ್ತಿತ್ತು. ಗುಡ್ಡದ ಕಾಲು ಎಲ್ಲಿ, ಹೊಳೆ ದಿಕ್ಕು ಬದಲಿಸಿತೇ ಇಲ್ಲವೇ, ಓಕ್ ಮರ ಈ ತಿರುವಿನಲ್ಲೋ ಆ ತಿರುವಿನಲ್ಲೋ. ನಾನು ಚಾ ಕೊಟ್ಟರೆ "ಇಲ್ಲಿಡು" ಎಂಬ ಒಂದು ಮಾತು. ನನ್ನೊಂದಿಗೆ ಇಡೀ ವಾರ ಆಡದಷ್ಟು ಮಾತನ್ನು ಅವರು ಆ ಮೇಜಿನ ಮುಂದೆ ಒಂದು ಗಂಟೆಯಲ್ಲಿ ಆಡುತ್ತಿದ್ದರು. ಪ್ರಾಯದ ಹೆಂಗಸಾಗಿದ್ದರೆ ಜಗಳ ಮಾಡಬಹುದಿತ್ತು, ಊರಿಗೆ ಫೋನು ಮಾಡಿ ಅಳಬಹುದಿತ್ತು. ಅಜ್ಜಿಯಾಗುವ ಪ್ರಾಯದ ಹೆಂಗಸಿನ ಮೇಲೆ, ಅದೂ ಸತ್ತ ದನಗಳ ಒಂದು ಹುಲ್ಲುಗಾವಲಿನ ಮೇಲೆ ಮತ್ಸರ ಪಡುತ್ತಿದ್ದೇನೆ ಎಂದು ಯಾರಲ್ಲಿ ಹೇಳುವುದು?

ಒಂದು ದಿನ, ಭೂಮಿಯನ್ನು ಸ್ವಾಧೀನಕ್ಕೆ ಕೊಡುವಾಗ ಹಿಲಾರಿಯೊ ಏನು ಮಾಡಿದ ಎಂದು ತೋರಿಸುತ್ತೇನೆಂದು ಡೊಲೊರೆಸ್ ಅಂಗಳಕ್ಕೆ ಇಳಿದರು. ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತರು, ಹಾಜಿಯವರ ಬೇಲಿಗಿಡದ ರೆಂಬೆ ಮುರಿದರು, ನಾಲ್ಕು ಕಲ್ಲು ಹೆಕ್ಕಿಕೊಂಡು ನಾಲ್ಕು ದಿಕ್ಕಿಗೆ ಎಸೆದರು. ಹೀಗೆ ಮಾಡಿದರೆ ಭೂಮಿ ನನ್ನದು ಎಂದು ಲೋಕಕ್ಕೆಲ್ಲ ಸಾರಿದಂತೆ. ಪಡುವಣದ ಕಲ್ಲು ಹಾಜಿಯವರ ಕೋಳಿಗೂಡಿಗೆ ಬಡಿಯಿತು. ಕೋಳಿಗಳ ಗಲಾಟೆಗೆ ಹಾಜಿ ಕೋಲೂರುತ್ತ ಬಂದು ರೆಂಬೆ ಹಿಡಿದು ನಿಂತಿದ್ದ ಇವರನ್ನು ನೋಡಿದರು.

"ಹಾಜಿ, ಈಗ ಇದು ನನ್ನದು" ಎಂದರು ಡೊಲೊರೆಸ್ ಗಂಭೀರವಾಗಿ.

"ಲೇಲೋ, ಲೇಲೋ. ಮುನಿಸಿಪಾಲಿಟಿ ಬಿಲ್ ಭಿ ಲೇಲೋ" ಎಂದರು ಹಾಜಿ ತಮ್ಮ ಹರಕು ಹಿಂದಿಯಲ್ಲಿ, ಜಾಗದ ಜೊತೆ ಬಿಲ್ಲನ್ನೂ ತಗೊಳ್ಳಲಿ ಎಂದು.

ರೋನಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುವೆಯಾದಂದಿನಿಂದ ನಾನು ಆ ನಗು ಕಂಡಿರಲಿಲ್ಲ. ನಾನೂ ನಕ್ಕೆ. ಒಳಗೆ ಹೋಗಿ ಮೀನಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆ ದಿನ ಊಟಕ್ಕೆ ಕುಳಿತಾಗ ತಡೆಯಲಾಗಲಿಲ್ಲ.

"ಅವರ ಜಾಗದ ಒಂದೊಂದು ಮರ ನಿಮಗೆ ಗೊತ್ತುಂಟು. ನಮ್ಮ ಕಿನ್ನಿಗೋಳಿ ಜಾಗದ ಬಗ್ಗೆ ಒಂದು ದಿನವಾದರೂ ಕೇಳಿದ್ದುಂಟಾ ರೋನಿ?"

ರೋನಿ ತಲೆಯೆತ್ತದೆ ಮುಳ್ಳು ಬಿಡಿಸುತ್ತಾ ಹೇಳಿದರು: "ನಿನ್ನ ಜಾಗ ಎಂತದ್ದು ಮಾರಾಯ್ತಿ? ಅದು ನಿನ್ನ ಅಣ್ಣನದ್ದಲ್ಲವಾ?"

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಸಾರಿನಲ್ಲಿ ಉಪ್ಪು ಹೆಚ್ಚು ಎಂದಷ್ಟೇ ಸಹಜವಾಗಿ ಹೇಳಿದರು. ಆದರೆ ಆ ಮಾತು ನನ್ನೊಳಗೆ ಇಳಿದು ಕೂತಿತು.

ಮುಂದಿನ ವಾರ ನಾನೇ ಡೊಲೊರೆಸ್ ಮನೆಗೆ ಹೋದೆ. ನನಗೂ ಒಂದು ಭೂಮಿಯ ಕತೆ ಉಂಟು ಎಂದು ತೋರಿಸುವ ಹಟ. ಅವರು ಅಡುಗೆಮನೆಯಲ್ಲಿ ಜೋಳದ ಹಿಟ್ಟು ತಟ್ಟುತ್ತಿದ್ದರು. ನಾನು ನಿಂತುಕೊಂಡೇ ಶುರು ಮಾಡಿದೆ. ನಮ್ಮ ಅಜ್ಜ ಧಣಿಗಳ ಒಕ್ಕಲು. ಬೆಳೆದ ಭತ್ತದಲ್ಲಿ ಗೇಣಿಯ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ, ತಲೆಯ ಮೇಲೆ ಹೊತ್ತು ಧಣಿಗಳ ಅಂಗಳಕ್ಕೆ ಹಾಕಿ ಬರಬೇಕು. ಆಮೇಲೆ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ಅಜ್ಜ ಭೂಮಿ ತನಗೆ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟರು. ವಿಚಾರಣೆಯ ದಿನ ಧಣಿಗಳು ಎದುರಿಗೆ ಬಂದು ನಿಂತಾಗ ಅವರ ಮುಖ ನೋಡಲಾಗದೆ, ನೆಲ ನೋಡಿಕೊಂಡೇ "ಉತ್ತದ್ದು ನಾನು" ಎಂದರಂತೆ. ಭೂಮಿ ನಮ್ಮದಾಯಿತು.

ಡೊಲೊರೆಸ್ ಹಿಟ್ಟಿನ ಕೈ ಹಾಗೇ ಹಿಡಿದು ಕೇಳಿದರು. ಅವರ ಮುಖ ಗಟ್ಟಿಯಾಗಿತ್ತು.

"ಅಂದರೆ ನಿನ್ನ ಅಜ್ಜ ಇನ್ನೊಬ್ಬರ ಭೂಮಿಯಲ್ಲಿ ಕೂತಿದ್ದ. ಕಾನೂನು ಬದಲಾಯಿತು, ಭೂಮಿ ಅವನದಾಯಿತು. ಹಾಗೆ ನಮ್ಮ ರಾಂಚೋಗೆ ಬಂದು ಕೂತವರಿಂದಲೇ ನಾವು ಹಾಳಾದದ್ದು ಇರೇನೆ. ನಮ್ಮಲ್ಲಿ ಅವರಿಗೆ ಒಳ್ಳೆಯ ಹೆಸರಿಲ್ಲ."

"ಕೂತದ್ದಲ್ಲ, ಉತ್ತದ್ದು" ಎಂದೆ. ದನಿ ಏರಿತ್ತು. "ನಿಮ್ಮ ಹಿಲಾರಿಯೊ ಕುದುರೆ ಮೇಲೆ ಕೂತು ಹಗ್ಗ ಎಳೆದ. ನಮ್ಮ ಅಜ್ಜ ಕೆಸರಿನಲ್ಲಿ ನಿಂತದ್ದು. ಎಲ್ಲರನ್ನೂ ಕೇಳ್ತೀರಲ್ಲ, ನಿಮ್ಮ ಮೂರು ಕೊಕ್ಕರೆ ಹಿಲಾರಿಯೊನಿಗಿಂತ ಮೊದಲು ಯಾರದ್ದಾಗಿತ್ತು?"

ಕಾವಲಿಯ ಮೇಲಿನ ರೊಟ್ಟಿ ಕರಕಲಾಯಿತು.

"ಅಲ್ಲಿ ಮೊದಲಿಂದ ಇದ್ದ ಜನ ಇದ್ದರು. ಇಂಡಿಯನ್ನರು, ನಿಮ್ಮವರಲ್ಲ, ನಮ್ಮ ಕಡೆಯವರು" ಎಂದರು ಆಮೇಲೆ. "ನಮ್ಮ ದನ ಕಾದವರೂ ಅವರೇ, ಮನೆಗೆ ಮಣ್ಣಿನ ಇಟ್ಟಿಗೆ ಹಾಕಿದವರೂ ಅವರೇ. ನಮ್ಮ ಮನೆಯಲ್ಲಿ ಕುದುರೆಗಳ ಹೆಸರನ್ನೆಲ್ಲ ಹೇಳಿಕೊಟ್ಟಿದ್ದಾರೆ. ಆ ಜನರ ಒಂದು ಹೆಸರೂ ನನಗೆ ಗೊತ್ತಿಲ್ಲ."

ಒಲೆ ಆರಿಸಿ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಅವರು ನನಗೆ ರಾಂಚೋದ ಉಳಿದ ಕತೆ ಹೇಳಿದ್ದು ಅಂದೇ. ಅಲ್ಲಿಯವರೆಗೆ ಅವರು ದೊಡ್ಡ ಜಮೀನ್ದಾರಿಣಿ, ಇಲ್ಲಿ ಹೊತ್ತು ಕಳೆಯಲು ಕೆಲಸ ಮಾಡುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಹಿಲಾರಿಯೊ ಸತ್ತ ಮೇಲೆ ರಾಂಚೋ ನೋಡಿಕೊಂಡದ್ದು ಅವನ ಹೆಂಡತಿ ಇಗ್ನಾಸಿಯಾ. ಅಮೆರಿಕದವರು ಕ್ಯಾಲಿಫೋರ್ನಿಯಾ ಗೆದ್ದು, ಮೆಕ್ಸಿಕೋ ಕೊಟ್ಟ ಭೂಮಿಯನ್ನೆಲ್ಲ ನಿಮ್ಮದೆಂದು ಸಾಬೀತು ಮಾಡಿ ಎಂದರು. ಓಕ್ ಮರ, ಹೊಳೆ, ಗುಡ್ಡ ಎಂದರೆ ಅವರ ಕೋರ್ಟಿಗೆ ಅರ್ಥವಾಗಲಿಲ್ಲ. ಇಗ್ನಾಸಿಯಾ ಕುದುರೆ ಏರಿ ಊರೂರು ತಿರುಗಿ, ಹಗ್ಗ ಹಿಡಿದಿದ್ದ ಸವಾರರಲ್ಲಿ ಬದುಕಿದ್ದ ಒಬ್ಬ ಮುದುಕನನ್ನು ಹುಡುಕಿ ಸಾಕ್ಷಿಗೆ ತಂದಳು. ಕೇಸು ವರ್ಷಗಟ್ಟಲೆ ನಡೆಯಿತು, ಅಷ್ಟರಲ್ಲಿ ಹೊರಗಿನವರು ಬಂದು ಹುಲ್ಲುಗಾವಲಿನಲ್ಲಿ ಗುಡಿಸಲು ಹಾಕಿ ಕೂತರು. ಕೊನೆಗೆ ಗೆದ್ದಳು. ಗೆಲ್ಲುವಷ್ಟರಲ್ಲಿ ಅರ್ಧ ಭೂಮಿ ವಕೀಲನ ಕೈಸೇರಿತ್ತು, ಬರಗಾಲದಲ್ಲಿ ದನಗಳು ಹೋಗಿದ್ದವು. ಉಳಿದರ್ಧ ಮಗಳು ರಫಾಯೆಲಾಗೆ ಬಂತು. ರಫಾಯೆಲಾ ಮದುವೆಯಾದದ್ದು ಒಬ್ಬ ಅಮೆರಿಕನ್ ವ್ಯಾಪಾರಿಯನ್ನು. ಅವನು ಒಂದು ದಿನ ಊಟದ ಮೇಜಿನ ಮೇಲೆ ಇಂಗ್ಲಿಷ್ ಕಾಗದ ಇಟ್ಟ. ಅವಳಿಗೆ ಇಂಗ್ಲಿಷ್ ಬಾರದು. ಗಂಡ ತೋರಿಸಿದ ಕಡೆ ಶಿಲುಬೆಯ ಗುರುತು ಹಾಕಿ ಊಟ ಬಡಿಸಿದಳು. ಭೂಮಿ ಹೋಯಿತು. ಆಮೇಲೆ ಯಾರೋ ಹಾಲಿನ ಡೈರಿಯವರು, ಅವರಿಂದ ಮನೆ ಕಟ್ಟಿ ಮಾರುವ ಕಂಪನಿ. ಕಂಪನಿಯವರು ಗೌರವಕ್ಕೆಂದು ಒಂದು ರಸ್ತೆಗೆ ಬರೇಲಾ ಎಂದು ಹೆಸರಿಟ್ಟರು.

"ನಾನು ಬೆಳೆದದ್ದು ಬರೇಲಾ ರಸ್ತೆಯಲ್ಲಿ" ಎಂದರು ಡೊಲೊರೆಸ್. "ಬಾಡಿಗೆ ಮನೆಯಲ್ಲಿ. ಇವತ್ತಿಗೂ ಭೂಮಿಯ ಮೇಲೆ ನನ್ನದು ಎನ್ನಲು ಒಂದು ಹೂಕುಂಡದಷ್ಟು ಮಣ್ಣಿಲ್ಲ. ನಿನ್ನ ಅಜ್ಜನ ಭೂಮಿ ಈಗ ಯಾರದು?"

"ಅಣ್ಣನದ್ದು."

"ನಿನ್ನ ಪಾಲು?"

"ನಾನು ಮದುವೆಯಾಗಿ ಬಂದೆನಲ್ಲ."

"ಆಯ್, ಇರೇನೆ" ಎಂದರು.

ಇಷ್ಟು ಕೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ಆಗಲಿಲ್ಲ. ಕಳೆದುಕೊಂಡ ಭೂಮಿಯ ಏಳು ತಲೆಮಾರನ್ನು ಆ ಹೆಂಗಸು ಜಪಮಾಲೆಯ ಮಣಿಯಂತೆ ಎಣಿಸುತ್ತಿದ್ದರು. ಕೈಯಲ್ಲಿದ್ದ ಭೂಮಿಯ ವಿಷಯದಲ್ಲಿ ನನಗೆ ಅಜ್ಜನಿಂದಾಚೆ ಒಂದು ಹೆಸರೂ ಬರುತ್ತಿರಲಿಲ್ಲ. ಅವರ ಮನೆಯ ಹೆಂಗಸರು ಕುದುರೆ ಏರಿ ಸಾಕ್ಷಿ ಹುಡುಕಿದ್ದರು. ನಮ್ಮ ಮನೆಯ ಹೆಂಗಸರು ಆ ವಿಚಾರಣೆಯ ದಿನ ಎಲ್ಲಿದ್ದರು, ಏನು ಮಾಡುತ್ತಿದ್ದರು, ಯಾರೂ ನನಗೆ ಹೇಳಿರಲಿಲ್ಲ.

ಅದಾಗಿ ಸ್ವಲ್ಪ ಸಮಯಕ್ಕೆ ಊರಿನಿಂದ ಅಣ್ಣನ ಫೋನು ಬಂತು. ಪಪ್ಪ ಉಯಿಲು ಬರೆಯದೆ ಹೋಗಿದ್ದರು, ಮಮ್ಮಿಯೂ ಹೋಗಿಯಾಗಿತ್ತು. ರಸ್ತೆ ಬದಿಯ ಗದ್ದೆಯಲ್ಲಿ ಅಣ್ಣನಿಗೆ ಒಂದು ಮದುವೆ ಹಾಲ್ ಕಟ್ಟಿಸುವ ಆಸೆ.

"ಪೇಪರ್ ಕಳಿಸಿದ್ದೇನೆ ಐರಿನ್. ಅಲ್ಲಿ ಎಂಬೆಸಿಯಲ್ಲಿ ಒಂದು ಸೈನ್ ಹಾಕಿ ಅಟೆಸ್ಟ್ ಮಾಡಿಸಿ ಕಳಿಸು. ಬರೀ ಫಾರ್ಮಾಲಿಟಿ."

ಮೊದಲಾಗಿದ್ದರೆ ಮರುದಿನವೇ ಮಾಡಿ ಕಳಿಸುತ್ತಿದ್ದೆ. ಈ ಸಲ ಕೆಲವು ದಿನ ತಡೆದು ಎಂಬೆಸಿಗೆ ಹೊರಟೆ. ಕೆಲಸದ ದಿನವಾದ್ದರಿಂದ ರೋನಿಗೆ ರಜೆ ಸಿಗಲಿಲ್ಲ, ಡೊಲೊರೆಸ್ ಕಾರಿನಲ್ಲಿ ಕರೆದುಕೊಂಡು ಹೋದರು. ಅವರ ಡ್ರೈವಿಂಗ್ ಎಂದರೆ ರೌಂಡ್‌ಅಬೌಟಿನಲ್ಲಿ ಎಲ್ಲರಿಗೂ ಸ್ಪ್ಯಾನಿಷ್ ಬೈಗುಳ. ಆ ದಿನ ಮಾತ್ರ ಬಾಯಿ ಮುಚ್ಚಿಕೊಂಡು ಓಡಿಸಿದರು. ಇಳಿಯುವಾಗ ಕೇಳಿದೆ, "ನೀವು ಏನು ಹೇಳ್ತೀರಿ?"

"ನಾನು ಹೇಳುವುದಿಲ್ಲ. ಓದು. ನಿನಗೆ ಓದಲು ಬರುತ್ತದೆ" ಎಂದರು.

ಒಳಗೆ ಕುರ್ಚಿಯಲ್ಲಿ ಕುಳಿತು ಓದಿದೆ. ನಾನು ನನ್ನ ಮನಸಾರೆ, ಯಾರ ಒತ್ತಾಯವೂ ಇಲ್ಲದೆ, ಸದರಿ ಆಸ್ತಿಯಲ್ಲಿ ನನಗಿರುವ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ನನ್ನ ಮನಸಾರೆ ಎಂಬಲ್ಲಿ ಕಣ್ಣು ನಿಂತಿತು. ಮನಸ್ಸನ್ನು ಯಾರೂ ಕೇಳಿರಲಿಲ್ಲ. ನನ್ನ ಸರದಿ ಬಂದಾಗ ಎದ್ದು ಕೌಂಟರಿಗೆ ಹೋಗದೆ ಹೊರಗೆ ಬಂದೆ. ಡೊಲೊರೆಸ್ ನನ್ನ ಮುಖ ನೋಡಿ ಕಾರು ಚಾಲೂ ಮಾಡಿದರು. ಬುದಯ್ಯದ ದಾರಿಯುದ್ದಕ್ಕೂ ಮತ್ತೆ ಬೈಗುಳ ಶುರುವಾಯಿತು.

ಸಾಯಂಕಾಲ ರೋನಿ ಮನೆಗೆ ಬಂದ ಮೇಲೆ ಅಣ್ಣನಿಗೆ ಫೋನು ಮಾಡಿದೆ.

"ಸೈನ್ ಹಾಕಲಿಲ್ಲ ಅಣ್ಣ. ನನಗೆ ನನ್ನ ಪಾಲು ಬೇಕು."

"ಎಂತ ಆಯ್ತು ನಿನಗೆ? ಯಾರು ತಲೆ ತುಂಬಿಸಿದ್ದು?" ಎಂದ. ಮತ್ತೆ, "ಮಕ್ಕಳಿಲ್ಲ ಮರಿಯಿಲ್ಲ, ಜಾಗ ತಕೊಂಡು ನೀನು ಎಂತ ಮಾಡ್ತೀ?" ಎಂದ.

ರೋನಿ ಅಲ್ಲೇ ಇದ್ದರು. ಫೋನು ಸ್ಪೀಕರಿನಲ್ಲಿತ್ತು. ನಾನು ಅಳುತ್ತೇನೆ ಎಂದುಕೊಂಡೆ, ಅಳು ಬರಲಿಲ್ಲ.

"ಹುಲ್ಲು ಬೆಳೆಸ್ತೇನೆ. ಜಾಗ ನನ್ನದು, ಬೆಳೆಸ್ತೇನೆ, ಬಿಡ್ತೇನೆ" ಎಂದೆ.

ಮುಂದಿನ ಕ್ರಿಸ್ಮಸಿಗೆ ಅಣ್ಣನ ಮನೆಯಿಂದ ಕುಸ್ವಾರ್ ತಿಂಡಿ ಬರಲಿಲ್ಲ. ಅತ್ತಿಗೆ ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದಳು. ಆ ತಿಂಗಳುಗಳಲ್ಲಿ ನಾನು ಮಾತಾಡಿದ್ದು ಹೆಚ್ಚಾಗಿ ಡೊಲೊರೆಸ್ ಹತ್ತಿರವೇ. ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನಿಂದ ನೇರ ಅವರ ಅಡುಗೆಮನೆಗೆ ಹೋಗುತ್ತಿದ್ದೆ. ಸಮಾಧಾನ ಹೇಳುವ ಜಾತಿಯಲ್ಲ ಅವರು. "ಇಗ್ನಾಸಿಯಾಳ ಮೈದುನ ಸಾಯುವವರೆಗೆ ಅವಳ ಮುಖ ನೋಡಲಿಲ್ಲ. ಅವಳು ಅವನ ಕುದುರೆ ಕೊಂಡುಕೊಂಡಳು" ಎನ್ನುತ್ತಿದ್ದರು. ಕಾಳು ಬಡಿಸುತ್ತಿದ್ದರು. ಅವರ ಕಾಳಿಗೆ ಉಪ್ಪು ಯಾವತ್ತೂ ಸಾಲದು, ಅದನ್ನು ಹೇಳಿದರೆ ಕೋಪ.

ಆಮೇಲೆ ಊರಿನ ಪಾದ್ರಿಯೊಬ್ಬರು ನಡುವೆ ಬಂದು ಮಾತಾಡಿದರು. ಅಣ್ಣ ಪಟ್ಟು ಸಡಿಲಿಸಿದ. ಗದ್ದೆ ಅವನಿಗೆ, ಮಳೆನೀರಿನ ತೋಡಿನ ಬದಿಯ ತುಂಡು ನನಗೆ ಎಂದಾಯಿತು. ದೊಡ್ಡದೇನಲ್ಲ. ಒಂದು ಹಲಸಿನ ಮರ, ಎರಡು ಗೇರು, ಮಳೆಗಾಲದಲ್ಲಿ ಕಾಲು ಹೂಳುವ ಜೌಗು. ನಾನೂ ರೋನಿಯೂ ರಜೆಯಲ್ಲಿ ಹೋಗಿ ರಿಜಿಸ್ಟರ್ ಮಾಡಿಸಿದೆವು. ಸರ್ವೆಯವರು ಅಳೆಯುವಾಗ ರೋನಿ ಚೈನಿನ ಒಂದು ತುದಿಯನ್ನು ತಾವೇ ಹಿಡಿದು, ಪ್ಯಾಂಟು ಮಡಚಿ ಕೆಸರಿಗೆ ಇಳಿದರು. ಎಷ್ಟೋ ವರ್ಷಗಳಿಂದ ನಾನು ಕಾದಿದ್ದ ನೋಟ ಅದು.

ಹಿಂತಿರುಗಿ ಬಂದಾಗ ಡೊಲೊರೆಸ್ ಮನೆಯ ಅರ್ಧ ಸಾಮಾನು ಖಾಲಿಯಾಗಿತ್ತು. ಶಾಲೆಯವರು ವಯಸ್ಸಾಯಿತೆಂದು ಕಾಂಟ್ರಾಕ್ಟ್ ಮುಂದುವರಿಸಿರಲಿಲ್ಲ. ವೀಸಾ ಮುಗಿಯುತ್ತಾ ಬಂದಿತ್ತು. ಟೆಕ್ಸಾಸಿನಲ್ಲಿ ಮಗನ ಅಪಾರ್ಟ್‌ಮೆಂಟಿನ ಒಂದು ಕೋಣೆಗೆ ಹೋಗುವುದೆಂದು ನಿಶ್ಚಯವಾಗಿತ್ತು. "ಎಂಟನೆಯ ಮಹಡಿ. ಕೆಳಗೆ ನೆಲ ಇದೆಯಂತೆ, ನೋಡಿದವರು ಹೇಳುತ್ತಾರೆ" ಎಂದರು.

ನಾನು ಉತ್ಸಾಹದಲ್ಲಿ ಫೋನು ತೆಗೆದು ಫೋಟೋ ತೋರಿಸತೊಡಗಿದೆ. ಇದು ತೋಡು, ಇದು ಹಲಸು, ಇಲ್ಲಿಂದ ಅಣ್ಣನ ಗದ್ದೆ. ಮೊದಲ ಒಂದೆರಡನ್ನು ಕನ್ನಡಕ ಏರಿಸಿ ನೋಡಿದರು. ರೋನಿ ಕೆಸರಿನಲ್ಲಿ ಚೈನು ಹಿಡಿದು ನಿಂತ ಫೋಟೋ ಬಂದಾಗ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಸಾಕು" ಎಂದರು.

"ಇನ್ನೂ ಉಂಟು."

"ಸಾಕು ಇರೇನೆ. ನಾನು ಒಳ್ಳೆಯ ಹೆಂಗಸಲ್ಲ. ನನ್ನಿಂದ ನೋಡಲು ಆಗುವುದಿಲ್ಲ."

ಎದ್ದು ಹೋಗಿ, ಆಗಲೇ ಕಟ್ಟಿಯಾಗಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ನಾನು ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ. ಆ ಕಣ್ಣು ನನಗೆ ಗುರುತಾಗಿತ್ತು. ಅದೇ ಕಣ್ಣಿನಿಂದ ನಾನು ಎಷ್ಟು ಶುಕ್ರವಾರ ಅವರನ್ನು ನೋಡಿದ್ದೆ. ಇಂದು ಅದು ನನ್ನ ಮೇಲೆ ಬಿದ್ದಾಗ ಗೆದ್ದೆ ಎನಿಸಬೇಕಿತ್ತು. ಒಂದು ಕ್ಷಣ ಎನಿಸಿತು ಕೂಡ. ಆಮೇಲೆ ಕೂತು ಅತ್ತೆ.

ಹೊರಡುವ ದಿನ ಏರ್‌ಪೋರ್ಟಿಗೆ ಬಿಡುತ್ತೇನೆ ಎಂದು ರೋನಿ ಎಷ್ಟು ಹೇಳಿದರೂ ಕೇಳದೆ ಟ್ಯಾಕ್ಸಿ ಕರೆಸಿದ್ದರು. ಹಾಜಿ ಒಂದು ಡಬ್ಬಿ ಖರ್ಜೂರ ಕೊಟ್ಟರು. ಡೊಲೊರೆಸ್ ರೋನಿಯ ಕೈಕುಲುಕಿದರು. ನನ್ನ ಹತ್ತಿರ ಬಂದವರು ಹಾಗೇ ತಿರುಗಿ ಕಾರಿನೊಳಗೆ ಕುಳಿತರು. ಕಾರು ಹಿಂದಕ್ಕೆ ತಿರುಗಿಸುವಾಗ ಗಾಜು ಇಳಿಯಿತು.

"ಬೇಗ ಬೇಲಿ ಹಾಕಿಸು ಇರೇನೆ. ಗಟ್ಟಿ ಬೇಲಿ" ಎಂದರು. "ನನ್ನನ್ನು ಮಾತ್ರ ನೋಡಲು ಕರೆಯಬೇಡ."

ಕಳೆದ ಬೇಸಿಗೆಯಲ್ಲಿ ಬೇಲಿ ಹಾಕಿಸಿದೆವು. ಅವರಿಗೆ ತಿಳಿಸಿಲ್ಲ.